ಜಾಕ್‌ವೆಲ್ ದೋಣಿಗೆ ಮೋಟಾರು ಕಟ್ಟಿದ್ದು

ಮೊನ್ನೆ ವಿನೋಬನಗರದ ನಮ್ಮ ಮನೆಗೆ ಇಬ್ಬರು ತರುಣ ಇಂಜಿನಿಯರುಗಳು ಬಂದಿದ್ದರು. ಹೊಸದಾಗಿ ನೀರಿನ ಇಲಾಖೆಗೆ ಸೇರಿದವರು. ಕೆರೆ ಸ್ವಚ್ಛ ಮಾಡುವ ಸಣ್ಣ ದೋಣಿಗೆ ಬ್ಯಾಟರಿ ಮೋಟಾರು ಕೊಳ್ಳಬೇಕಂತೆ. ಬಣ್ಣಬಣ್ಣದ ಚಿತ್ರಗಳಿದ್ದ ಪುಸ್ತಕವೊಂದನ್ನು ನನ್ನ ಮುಂದೆ ಹರವಿ, "ಸಾರ್, ನೀವು ಹಳಬರು. ಇದು ಜಾಸ್ತಿ ಪವರ್, ಇದು ಕಮ್ಮಿ ಪವರ್. ಯಾವುದು ತಗೊಳ್ಳೋಣ?" ಎಂದು ಕೇಳಿದರು. ನಾನು, "ದೋಣೀಲಿ ಯಾರು ಕೂರ್ತಾರಪ್ಪ?" ಎಂದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಮುದುಕನಿಗೆ ಅರಳುಮರಳು ಎಂದುಕೊಂಡಿರಬೇಕು. ಕಾಫಿ ಕುಡಿದು, ಕಾಲಿಗೆ ನಮಸ್ಕಾರ ಮಾಡಿ, ಪುಸ್ತಕ ಮಡಚಿಕೊಂಡು ಹೊರಟುಹೋದರು. ಕೇಳುವ ವ್ಯವಧಾನವಿದ್ದಿದ್ದರೆ ಅವರಿಗೆ ಹೇಳಬೇಕಾಗಿದ್ದದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ರುದ್ರಪ್ಪ. ಶಿವಮೊಗ್ಗದಲ್ಲಿ ತುಂಗೆಯ ದಡದ ಪಂಪ್‌ಹೌಸಿನಲ್ಲಿ ಎಲೆಕ್ಟ್ರಿಕ್ ಫಿಟ್ಟರ್ ಆಗಿ ಸೇರಿ, ಅಲ್ಲೇ ತಲೆ ನರೆಸಿಕೊಂಡವನು. ಯಾವಾಗ ಬಡ್ತಿ ಬಂತು, ಯಾರು ನನ್ನ ಬಡ್ತಿಗೆ ಕಲ್ಲು ಹಾಕಿದರು ಎಂಬುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ಅದನ್ನು ಅಲ್ಲೇ ಯಾರೂ ಓದಿಲ್ಲ, ಇಲ್ಲಿ ನೀವು ಓದುವುದೂ ಬೇಡ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮಾಡಿದ ಮೊದಲ ಘನಕಾರ್ಯವನ್ನು ಹೇಳಿಬಿಡುತ್ತೇನೆ, ಮುಂದೆ ಅದು ಬೇಕಾಗುತ್ತದೆ. ರಿಪೇರಿಯಾದ ದೊಡ್ಡ ಪಂಪಿಗೆ ವೈರು ಜೋಡಿಸಿ, ತೆಂಗಿನಕಾಯಿ ಒಡೆದು, ಸ್ವಿಚ್ಚು ಒತ್ತಿದೆ. ಪಂಪು ಗುಂಯ್ ಎಂದು ಚೆನ್ನಾಗಿಯೇ ಹಾಡಿತು, ನೀರು ಮಾತ್ರ ಮೇಲೆ ಬರಲಿಲ್ಲ. ಬೆಳಗಿನ ಹೊತ್ತು. ಊರಿನವರೆಲ್ಲ ನಲ್ಲಿ ಕೆಳಗೆ ಕೊಡ ಇಟ್ಟುಕೊಂಡು ನನ್ನ ವಂಶವನ್ನು ಹರಸುತ್ತಿದ್ದರು. ನಮ್ಮ ಮೇಸ್ತ್ರಿ ನಶ್ಯ ಏರಿಸಿಕೊಂಡು ನಿಧಾನವಾಗಿ ಬಂದು, "ಪಂಪು ಉಲ್ಟಾ ತಿರುಗ್ತಿದೆ ಕಣಯ್ಯಾ. ಎರಡು ವೈರು ಅದಲು ಬದಲು ಮಾಡು" ಎಂದರು. ಮಾಡಿದೆ, ನೀರು ಬಂತು. ವೈರು ಅದಲು ಬದಲು ಮಾಡಿದರೆ ಮೋಟಾರು ಉಲ್ಟಾ ತಿರುಗುತ್ತದೆ ಎಂಬ ಮಾತನ್ನು ಅಂದಿನಿಂದ ನಾನು ವೇದವಾಕ್ಯ ಮಾಡಿಕೊಂಡೆ.

ಇನ್ನು ದೋಣಿಯ ವಿಷಯ. ಊರಿಗೆ ನೀರೆತ್ತುವ ದೊಡ್ಡ ಬಾವಿ ಹೊಳೆಯೊಳಗೇ ನಿಂತಿತ್ತು. ಅದಕ್ಕೆ ಜಾಕ್‌ವೆಲ್ ಎನ್ನುತ್ತಿದ್ದೆವು. ಅದರ ಬಾಯಿಗೆ ಕಬ್ಬಿಣದ ಜಾಲರಿ. ಹೊಳೆಯಲ್ಲಿ ತೇಲಿಬಂದ ಸೊಪ್ಪುಸದೆ, ಬಾಳೆದಿಂಡು, ಹರಿದ ಚಾಪೆ, ಒಂದು ಸಲ ಯಾರದೋ ಮದುವೆಯ ಬಾಸಿಂಗ, ಎಲ್ಲವೂ ಬಂದು ಅಲ್ಲಿ ಅಂಟಿಕೊಳ್ಳುತ್ತಿತ್ತು. ಬಿಡಿಸದಿದ್ದರೆ ಪಂಪಿಗೆ ಉಸಿರು ಕಟ್ಟುತ್ತಿತ್ತು. ಬಿಡಿಸುವುದಕ್ಕೊಂದು ದೋಣಿ, ದೋಣಿಗೊಬ್ಬ ಅಂಬಿಗ. ಅವನ ಹೆಸರು ಹಾಲಪ್ಪ. ನನಗಿಂತ ದೊಡ್ಡವನಾದ್ದರಿಂದ ನಾನು ಹಾಲಪ್ಪಣ್ಣ ಎನ್ನುತ್ತಿದ್ದೆ. ಅವನು ನನ್ನನ್ನು ಮನಸ್ಸು ಚೆನ್ನಾಗಿದ್ದಾಗ ಮಾರಾಯ ಎಂದೂ ಇಲ್ಲದಾಗ ಫಿಟ್ಟರ್ ಸಾಹೇಬ್ರೇ ಎಂದೂ ಕರೆಯುತ್ತಿದ್ದ.

ಈ ಹಾಲಪ್ಪನ ಮೇಲೆ ನಮ್ಮ ಅಸಿಸ್ಟೆಂಟ್ ಇಂಜಿನಿಯರ್ ಶ್ರೀಕಂಠ ಜೋಯಿಸರಿಗೆ ಒಂದು ಸಿಟ್ಟಿತ್ತು. ಅವನು ಎಡಗೈಯಲ್ಲಿ ಸಲಾಮು ಹೊಡೆಯುತ್ತಿದ್ದ. "ಎಂಥ ಉದ್ಧಟತನ ರೀ ರುದ್ರಪ್ಪ! ಅಧಿಕಾರಿಗೆ ಎಡಗೈಯೇ?" ಎಂದು ಅವರು ಕೆಂಪಾಗುತ್ತಿದ್ದರು. ಜೋಯಿಸರು ವೈದಿಕ ಮನೆತನದವರು. ಪಂಚಾಂಗ ನೋಡದೆ ವಾಲ್ವು ಕೂಡ ತಿರುಗಿಸಿದವರಲ್ಲ. ಅವರಿಗೆ ಎಡಗೈ ಎಂದರೆ ಮೈಯೆಲ್ಲ ಉರಿಯುತ್ತಿತ್ತು.

ನಿಜ ಏನೆಂದು ನನಗೆ ಹೇಳಿದವಳು ಹಾಲಪ್ಪನ ಹೆಂಡತಿ ಚೌಡಮ್ಮ. ಪಂಪ್‌ಹೌಸಿನ ಪಕ್ಕದಲ್ಲೇ ಅವರ ಕ್ವಾರ್ಟರ್ಸು. ಅವಳು ಜಗಲಿಯಲ್ಲಿ ಮೀನುಬಲೆ ಹೆಣೆಯುತ್ತಾ ಕೂತಿರುತ್ತಿದ್ದಳು. ನಾನು ಹೋದರೆ, "ಬಾರಪ್ಪ ಲಿಂಗವಂತ, ಮೀನ್ ಸಾರು ಮಾಡೀನಿ, ವಾಸ್ನೆ ತಗಂಡು ಹೋಗು" ಎಂದು ಗೇಲಿ ಮಾಡುತ್ತಿದ್ದಳು. ಆವತ್ತು ಗೇಲಿ ಮಾಡಲಿಲ್ಲ.

"ಹೋದ ಮಳೆಗಾಲದಾಗೆ ಜಾಲರಿಗೆ ಸಿಕ್ಕೊಂಡಿದ್ ಮರ ಎಳೆಯಾಕೆ ಹೋಗಿ ನಮ್ಮನೇರ ಬಲಭುಜ ಜಾರಿತು ಕಣಪ್ಪ. ನಾಟಿ ಡಾಕ್ಟ್ರು ಕೂರಿಸಿದ್ರು. ಆದ್ರೆ ಆ ಕೈ ಕಿವಿಗಿಂತ ಮೇಲೆ ಹೋಗಂಗಿಲ್ಲ. ಸಾಹೇಬ್ರಿಗೆ ಗೊತ್ತಾದ್ರೆ ಮೆಡಿಕಲ್‌ಗೆ ಕಳಿಸ್ತಾರೆ, ಅನ್‌ಫಿಟ್ ಅಂತ ಬರೀತಾರೆ. ಕೆಲಸ ಹೋದ್ರೆ ಈ ಮನೇನೂ ಹೋಯ್ತು. ಮನೆ ಹೋದ್ರೆ ಇನ್ನೊಂದು ಕಡೆ ಗುಡ್ಲು ಹಾಕ್ಕಂಡೇವು. ಹೊಳೆ ಬಿಟ್ಟು ಈ ಮನುಷ್ಯ ಬದುಕ್ತಾನಾ, ನೀನೇ ಹೇಳು."

ಹೊಳೆ ತುಂಬಿ ಹರಿಯುವಾಗ ಬಿದಿರು ಗಳ ಊರಿ ದೋಣಿ ತಳ್ಳಬೇಕೆಂದರೆ ಎರಡು ತೋಳೂ ಗಟ್ಟಿಯಿರಬೇಕು. ಹಾಲಪ್ಪ ಎಡಗೈ, ಸೊಂಟ ಮತ್ತು ಹಟ ಮೂರನ್ನೂ ಸೇರಿಸಿ ಹೇಗೋ ನಡೆಸುತ್ತಿದ್ದ. ಮುಂದಿನ ಮಳೆಗಾಲದಲ್ಲಿ ನಡೆಯುತ್ತಿರಲಿಲ್ಲ. ಆಗಲೇ ನನ್ನ ತಲೆಯಲ್ಲಿ ದೋಣಿಗೊಂದು ಮೋಟಾರು ಕಟ್ಟುವ ಹುಳ ಹೊಕ್ಕಿತು. ಮೋಟಾರು ತಳ್ಳಲಿ, ಹಾಲಪ್ಪ ಕೂತು ದಾರಿ ತೋರಿಸಲಿ, ಕೆಲಸ ಉಳಿಯಲಿ ಎಂದುಕೊಂಡೆ.

ಆದರೆ ಮೇಲಧಿಕಾರಿಗೆ ಹೇಳುವುದು ಹೇಗೆ? ಇದೊಂದನ್ನು ಹೊಸಬರು ಚೆನ್ನಾಗಿ ಕಲಿತುಕೊಳ್ಳಿ. ಸಾಹೇಬರಿಂದ ಒಂದು ಕೆಲಸ ಆಗಬೇಕಾದರೆ, ಅದು ಆಗದ ಕೆಲಸ ಎಂದು ಅವರ ಮುಂದೆ ನಿಟ್ಟುಸಿರು ಬಿಡಬೇಕು. ಕರಾವಳಿ ಕಡೆ ದೋಣಿಗಳಿಗೆ ಇಂಜಿನ್ ಕಟ್ಟಲು ಶುರು ಮಾಡಿದ್ದಾರೆ ಎಂಬ ಸುದ್ದಿಯನ್ನು ಜೋಯಿಸರ ಕಿವಿಗೆ ಹಾಕಿ, "ಅದೆಲ್ಲಾ ನಮ್ಮಂಥ ಊರಲ್ಲಿ ಆಗೋ ಮಾತಲ್ಲ ಬಿಡಿ ಸಾರ್" ಎಂದೆ.

"ಯಾಕ್ರೀ ಆಗಲ್ಲ?" ಎಂದು ಜೋಯಿಸರು ಕುರ್ಚಿಯಿಂದ ಎದ್ದೇಬಿಟ್ಟರು. "ನಾನಿದ್ದೂ ಆಗಲ್ಲ ಅಂದ್ರೆ ಏನರ್ಥ?" ವಾರ ಕಳೆಯುವುದರೊಳಗೆ ಅದು ಅವರದೇ ವಿಚಾರವಾಗಿತ್ತು, ಅದನ್ನು ನನಗೇ ವಿವರಿಸುತ್ತಿದ್ದರು.

ಮೊದಲು ಬಂದದ್ದು ಕರಾವಳಿಯಿಂದ ಎರವಲು ತಂದ ಸೀಮೆಎಣ್ಣೆಯ ಇಂಜಿನ್ನು. ಏನು ಅದರ ಆರ್ಭಟ! ದಡದಲ್ಲಿದ್ದ ಎಮ್ಮೆಗಳು ಹಗ್ಗ ಕಿತ್ತುಕೊಂಡು ಓಡಿದವು. ಹಾಲಪ್ಪ ಕಿವಿಗೆ ಟವೆಲು ಸುತ್ತಿಕೊಂಡು, "ಇದು ದೋಣಿಯಲ್ಲ ಮಾರಾಯ, ಅಕ್ಕಿ ಗಿರಣಿ" ಎಂದ. ಗಿರಣಿಯಾದರೂ ನಡೆಯುತ್ತಿತ್ತು, ಆದರೆ ಅದರ ಟ್ಯಾಂಕು ಸೋರುತ್ತಿತ್ತು. ನಾವು ಅದನ್ನು ಜಾಕ್‌ವೆಲ್ ಬಾಯಲ್ಲೇ ನಿಲ್ಲಿಸಿಕೊಂಡು ಕಸ ತೆಗೆದೆವು. ಕುಡಿಯುವ ನೀರಿನ ಬಾಯಲ್ಲಿ ಎಣ್ಣೆ ಸೋರುತ್ತಿದೆ ಎಂಬುದು ಇಂಜಿನಿಯರಿಗೂ ಹೊಳೆಯಲಿಲ್ಲ, ಫಿಟ್ಟರಿಗೂ ಹೊಳೆಯಲಿಲ್ಲ.

ಹೊಳೆದದ್ದು ಜೋಯಿಸರ ತಾಯಿ ಭಾಗೀರಥಮ್ಮನವರಿಗೆ. ಮಾರನೆಯ ಬೆಳಿಗ್ಗೆ ಮಡಿಯುಟ್ಟು, ಸಾಲಿಗ್ರಾಮಕ್ಕೆ ಅಭಿಷೇಕ ಮಾಡಿ, ತೀರ್ಥ ಬಾಯಿಗೆ ಹಾಕಿಕೊಂಡವರೇ ಥೂ ಎಂದರಂತೆ. ತೀರ್ಥವನ್ನು ಉಗುಳಿದ ಪಾಪ ಬೇರೆ! "ಶ್ರೀಕಂಠಾ, ದೇವರ ಮೈಯೆಲ್ಲಾ ಲಾಟೀನು ವಾಸನೆ ಹೊಡೀತಿದೆಯಲ್ಲೋ! ಏನು ಮಾಡಿದೆ ನನ್ನ ತುಂಗೆಗೆ?" ಎಂದು ಆಕೆ ಕೇಳಿದ್ದು ಬೀದಿಗೆಲ್ಲ ಕೇಳಿಸಿತಂತೆ. ಜೋಯಿಸರು ತಿಂಡಿ ಇಲ್ಲದೆ ಆಫೀಸಿಗೆ ಬಂದರು. ಬಂದವರೇ, "ಇಂಜಿನ್ನು ವಾಪಸು ಕಳಿಸ್ರೀ. ಇನ್ನು ಎಲೆಕ್ಟ್ರಿಕ್. ಎಲೆಕ್ಟ್ರಿಕ್ ಅಂದ್ರೆ ಎಲೆಕ್ಟ್ರಿಕ್! ವಾಸನೆ ಇಲ್ಲ, ಹೊಗೆ ಇಲ್ಲ, ಮೈಲಿಗೆ ಇಲ್ಲ" ಎಂದರು.

ಆಗಿನ ಕಾಲದಲ್ಲಿ ದೋಣಿಗೆ ಕಟ್ಟುವ ಎಲೆಕ್ಟ್ರಿಕ್ ಮೋಟಾರು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ಇದ್ದದ್ದರಲ್ಲಿ ಕಟ್ಟಬೇಕು. ನಾನು ಬಸ್ಸು ಹತ್ತಿ ಭದ್ರಾವತಿಗೆ ಹೋದೆ. ಜನ್ನಾಪುರದಲ್ಲಿ ಆರ್ಮುಗಂ ಎಂಬ ಗೆಳೆಯನಿದ್ದ. ಹಗಲು ಫೌಂಡ್ರಿ ಕೆಲಸ, ಬಿಡುವಿನಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ಮೋಟಾರು ವೈಂಡಿಂಗು. ಸುತ್ತಮುತ್ತಲಿನ ಸತ್ತ ಮೋಟಾರುಗಳೆಲ್ಲ ಅವನ ಶೆಡ್ಡಿಗೆ ಬಂದು ಸೇರುತ್ತಿದ್ದವು.

"ಎನ್ನಾ ಫಿಟ್ಟರ್, ಏನು ಬೇಕು ನಿಂಗೆ?" ಎಂದ. ಹೇಳಿದೆ. ಅವನು ಎರಡು ಮೋಟಾರುಗಳನ್ನು ಎಳೆದು ನನ್ನ ಮುಂದಿಟ್ಟ. ಒಂದು ಲಾರಿಯ ಸ್ಟಾರ್ಟರು, ಮೊಳದಷ್ಟೂ ಉದ್ದವಿರಲಿಲ್ಲ. ಇನ್ನೊಂದು ಹಳೆಯ ರೈಲುಡಬ್ಬಿಯ ದೀಪ ಉರಿಸುತ್ತಿದ್ದ ಡೈನಮೊ, ದೊಡ್ಡ ಹಂಡೆಯಂತೆ ಇತ್ತು. ಕರೆಂಟು ಕೊಟ್ಟರೆ ಅದೂ ಮೋಟಾರಿನಂತೆಯೇ ತಿರುಗುತ್ತದೆ.

"ಇದು ಚಿಕ್ಕದು ಇದ್ಯಲ್ಲ ಸಾಮಿ, ಇದು ಮೂಗಿನ ತುದೀಲಿ ಕೋಪ ಇರೋ ಮನುಷ್ಯ. ಎದ್ರೆ ಲಾರಿ ಇಂಜಿನ್ನೇ ಎಬ್ಬಿಸ್ತದೆ, ಆದ್ರೆ ಜಾಸ್ತಿ ಹೊತ್ತು ಇರಲ್ಲ. ಇದು ದೊಡ್ಡದು ಸಾಧು. ನಿಧಾನ ಹೋಗ್ತದೆ, ಹೋಗ್ತಾನೇ ಇರ್ತದೆ."

ನನಗಾಗ ಹರೆಯ, ಶಕ್ತಿಯ ಹುಚ್ಚು. ಸ್ಟಾರ್ಟರನ್ನೇ ಎತ್ತಿಕೊಂಡೆ. ಆರ್ಮುಗಂ ಗನ್‌ಮೆಟಲಿನಲ್ಲಿ ಮೂರು ರೆಕ್ಕೆಯ ಚಕ್ರವೊಂದನ್ನು ಎರಕ ಹೊಯ್ದುಕೊಟ್ಟ. ಉದ್ದದ ಸರಳಿನ ಒಂದು ತುದಿಗೆ ಚಕ್ರ, ಇನ್ನೊಂದು ತುದಿಗೆ ಮೋಟಾರು. ಸರಳು ದೋಣಿಯ ಹಿಂದಿನಿಂದ ಓರೆಯಾಗಿ ನೀರಿಗಿಳಿಯುತ್ತದೆ. ಮರದ ಪೆಟ್ಟಿಗೆಯಲ್ಲಿ ಲಾರಿಯ ಬ್ಯಾಟರಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರು ತೀರಿದಾಗ ಜೋಯಿಸರು, "ತುಂಗೆ ನೀರಿಗಿಂತ ಶುದ್ಧ ನೀರು ಯಾವುದು ರೀ?" ಎಂದು ಸ್ವಹಸ್ತದಿಂದ ತಂಬಿಗೆ ಬಗ್ಗಿಸಿದರು. ಅಷ್ಟು ರುಚಿಯಾದ ನೀರು ಕುಡಿದ ಮೊದಲ ಬ್ಯಾಟರಿ ಬಹಳ ಬೇಗ ಸ್ವರ್ಗ ಸೇರಿತು. ಹೊಸದು ತರಿಸಿದೆವು. ಅದರ ಆ್ಯಸಿಡ್ಡು ನನ್ನ ಪ್ಯಾಂಟಿಗೆ ಇಟ್ಟ ತೂತುಗಳನ್ನು ನೋಡಿ ನನ್ನ ಹೆಂಡತಿ, "ಇದರಲ್ಲಿ ಸಾರು ಸೋಸಬಹುದು" ಎಂದಳು.

ಪರೀಕ್ಷೆಯ ದಿನ ಜೋಯಿಸರು ಕಚ್ಚೆಪಂಚೆ, ಕೋಟು, ಪೇಟದಲ್ಲಿ ದೋಣಿಯ ಮುಂದುಗಡೆ ಕೂತರು. ಹಾಲಪ್ಪ ಗಳ ಹಿಡಿದು ಮಧ್ಯದಲ್ಲಿ. ನಾನು ಹಿಂದೆ, ಸ್ವಿಚ್ಚಿನ ಹತ್ತಿರ. ಒತ್ತಿದೆ. ಅಬ್ಬಬ್ಬಾ! ದೋಣಿ ಹಿಂದಿನಿಂದ ಯಾರೋ ಒದ್ದಂತೆ ನೆಗೆಯಿತು, ಜೋಯಿಸರ ಪೇಟ ಹಾರಿ ಹೊಳೆಗೆ ಬಿತ್ತು. "ಭೇಷ್! ಭೇಷ್!" ಎಂದರು ಅವರು, ಪೇಟದ ಚಿಂತೆಯಿಲ್ಲದೆ. ಎದುರಿಗೆ ಬಟ್ಟೆ ಒಗೆಯುವ ಕಲ್ಲುಗಳು ಹತ್ತಿರವಾದಾಗ ಮಾತ್ರ, "ಸಾಕು, ಹಿಂದಕ್ಕೆ ತಗೊಳ್ರೀ" ಎಂದರು.

ಹಿಂದಕ್ಕೆ ತಾನೆ? ನನ್ನ ವೇದವಾಕ್ಯ ಇತ್ತಲ್ಲ. ಸ್ವಿಚ್ಚು ತೆಗೆದು, ಬ್ಯಾಟರಿಯ ಎರಡೂ ವೈರುಗಳನ್ನು ಠೀವಿಯಿಂದ ಅದಲು ಬದಲು ಮಾಡಿ, ಮತ್ತೆ ಒತ್ತಿದೆ. ದೋಣಿ ಮತ್ತೆ ಮುಂದಕ್ಕೇ ನೆಗೆಯಿತು! ಆ ಜಾತಿಯ ಮೋಟಾರಿಗೆ ಹೊರಗಿನ ವೈರು ಎಷ್ಟು ಸಲ ಬದಲಾಯಿಸಿದರೂ ಅದು ಒಂದೇ ಕಡೆ ತಿರುಗುತ್ತದೆ, ಒಳಗಿನ ಸುರುಳಿಯ ತುದಿಗಳನ್ನಷ್ಟೇ ಬದಲಾಯಿಸಬೇಕು ಎಂದು ನನಗೆ ಯಾರು ಹೇಳಿದ್ದರು? "ಹಿಂದಕ್ಕೆ! ಹಿಂದಕ್ಕೆ ರೀ!" ಎಂದು ಜೋಯಿಸರು ಕಿರುಚಿದರು. ನಾನು ಇನ್ನೊಮ್ಮೆ ಬದಲಾಯಿಸಿದೆ, ದೋಣಿ ಇನ್ನೊಮ್ಮೆ ಮುಂದಕ್ಕೆ ಹಾರಿತು. ಒಗೆಯುತ್ತಿದ್ದ ಹೆಂಗಸರು ಸೀರೆ ಬಿಟ್ಟು ದಡಕ್ಕೆ ಓಡಿದರು. ಹಾಲಪ್ಪ ಎಡಗಾಲನ್ನು ಕಲ್ಲಿಗೆ ಕೊಟ್ಟು ದೋಣಿ ಒಡೆಯದಂತೆ ತಡೆದ. ಮೋಟಾರಿನಿಂದ ಹೊಗೆ ಬಂತು, ಆಮೇಲೆ ಸುಟ್ಟ ವಾಸನೆ ಬಂತು, ಆಮೇಲೆ ಏನೂ ಬರಲಿಲ್ಲ. ಒಂದು ಒದ್ದೆ ಸೀರೆ ಜೋಯಿಸರ ಹೆಗಲ ಮೇಲೆ ಶಾಲಿನಂತೆ ಕೂತಿತ್ತು.

ನನ್ನ ಕೆಲಸ ಹೋಯಿತು ಎಂದುಕೊಂಡೆ. ಆದರೆ ಜೋಯಿಸರ ಕಣ್ಣುಗಳು ಹೊಳೆಯುತ್ತಿದ್ದವು. ದಡಕ್ಕೆ ಬಂದು ಸೀರೆಯನ್ನು ಅದರ ಯಜಮಾನಿಗೆ ಗೌರವದಿಂದ ಒಪ್ಪಿಸಿ, ನನ್ನನ್ನು ಪಕ್ಕಕ್ಕೆ ಕರೆದರು. "ಏನ್ ವೇಗ ರೀ! ಸುಟ್ಟರೆ ಸುಡಲಿ. ಇದಕ್ಕಿಂತ ದೊಡ್ಡದು ತನ್ನಿ, ಹಿಂದಕ್ಕೂ ಹೋಗೋದು ತನ್ನಿ. ಒಂದು ಸ್ವಿಚ್ಚು ಒತ್ತಿದರೆ ಆಯ್ತಲ್ಲ, ಇನ್ನು ಅಂಬಿಗ ಯಾಕೆ? ಒಂದು ಹುದ್ದೆ ಕಡಿಮೆ ಮಾಡಿ ಅಂತ ಮೇಲಿನವರು ಕೇಳ್ತಾನೇ ಇದ್ದಾರೆ. ವಿಜಯದಶಮಿ ದಿನ ಇನ್ನೊಂದು ಪರೀಕ್ಷೆ ಮಾಡೋಣ. ಚೆನ್ನಾಗಿ ನಡೆದರೆ ಅಂಬಿಗನ ಹುದ್ದೆ ಮುಚ್ಚಿಬಿಡೋಣ."

ಯಾರ ಕೆಲಸ ಉಳಿಸಲೆಂದು ಈ ಮೋಟಾರಿನ ಆಟ ಶುರು ಮಾಡಿದ್ದೆನೋ ಅವನ ಬುಡಕ್ಕೇ ಅದು ಬಂದಿತ್ತು. ಮೋಟಾರು ಇಲ್ಲದಿದ್ದರೆ ಹಾಲಪ್ಪನ ಭುಜ ಬಯಲಾಗುತ್ತದೆ. ಮೋಟಾರು ಚೆನ್ನಾಗಿ ಓಡಿದರೆ ಹಾಲಪ್ಪನೇ ಬೇಡವಾಗುತ್ತಾನೆ. ಸುದ್ದಿ ನನಗಿಂತ ಮೊದಲೇ ಕ್ವಾರ್ಟರ್ಸಿಗೆ ತಲುಪಿತ್ತು. ಹಾಲಪ್ಪ ಬೀಡಿ ಹಚ್ಚಿಕೊಂಡು ಹೊಳೆ ನೋಡುತ್ತಾ ಕೂತಿದ್ದ, ನನ್ನನ್ನು ನೋಡಿ, "ಬನ್ನಿ ಫಿಟ್ಟರ್ ಸಾಹೇಬ್ರೇ" ಎಂದ. ಅಷ್ಟೇ ಸಾಕಾಗಿತ್ತು. ಚೌಡಮ್ಮ ಬಲೆಯಿಂದ ತಲೆ ಎತ್ತದೆ, "ಚೆನ್ನಾಗಿ ಉಪಕಾರ ಮಾಡಿದೆ ಕಣಪ್ಪ. ಅಂದಂಗೆ, ಈ ಮೋಟಾರು ಯಾತಕ್ಕೂ ನಿಲ್ಲಾಕಿಲ್ವಾ?" ಎಂದಳು.

"ಚಕ್ರಕ್ಕೆ ಏನಾದ್ರೂ ಸಿಕ್ಕಿಕೊಂಡ್ರೆ ನಿಲ್ಲುತ್ತೆ ಅಕ್ಕಾ. ಹುಲ್ಲುಗಿಲ್ಲು ಆದ್ರೆ ಕತ್ತರಿಸಿ ಹಾಕುತ್ತೆ" ಎಂದೆ. ತಲೆ ತಗ್ಗಿಸಿಕೊಂಡು ಬಂದೆ.

ಮತ್ತೆ ಭದ್ರಾವತಿ. ಬಸ್ಸಿನಲ್ಲಿ ಕೂತಾಗಲೇ ನನಗೊಂದು ಕಿಡಿಗೇಡಿ ಬುದ್ಧಿ ಹುಟ್ಟಿತ್ತು. ಜೋಯಿಸರು ಕೇಳಿದ್ದು ದೊಡ್ಡ ಮೋಟಾರು. ರೈಲುಡಬ್ಬಿಯ ಡೈನಮೊ ದೊಡ್ಡದೇ ಅಲ್ಲವೆ? ಹಂಡೆಯಷ್ಟು ದೊಡ್ಡದು! ಶಕ್ತಿ ಎಷ್ಟು ಎಂದು ಅವರು ಕೇಳಿರಲಿಲ್ಲ.

ಆರ್ಮುಗಂಗೆ ಎಲ್ಲವನ್ನೂ ಹೇಳಿದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಮುರುಗಾ! ಎಲ್ಲಾರೂ ಬಂದು ಪವರ್ ಜಾಸ್ತಿ ಮಾಡು ಅಂತಾರೆ. ನೀನೊಬ್ಬ ಬಂದು ಕಮ್ಮಿ ಮಾಡು ಅಂತೀಯ!"

"ತೀರಾ ಕಮ್ಮಿ ಬೇಡ ಮಾರಾಯ. ನಿಂತ ನೀರಲ್ಲಿ ದೋಣಿ ತಳ್ಳಬೇಕು, ಹಾಲಪ್ಪಣ್ಣನ ಭುಜಕ್ಕೆ ಭಾರ ಬೀಳಬಾರದು. ಆದ್ರೆ ಸೆಳವಿಗೆ ಬಂದಾಗ ಅವನ ಗಳ ಬೇಕೇ ಬೇಕು. ಅರ್ಧ ಮೋಟಾರು, ಅರ್ಧ ಹಾಲಪ್ಪ."

ಆರ್ಮುಗಂ ನಗು ನಿಲ್ಲಿಸಿ ಡೈನಮೊವನ್ನು ಬಿಚ್ಚಿದ. ಹಿಂದಕ್ಕೆ ಹೋಗಬೇಕಾದರೆ ಯಾವ ಎರಡು ತುದಿಗಳನ್ನು ಬದಲಾಯಿಸಬೇಕೆಂದು ನನ್ನ ಬೆರಳು ಹಿಡಿದು ತೋರಿಸಿದ, ಅದಕ್ಕೊಂದು ಪ್ರತ್ಯೇಕ ಸ್ವಿಚ್ಚೂ ಹಾಕಿಕೊಟ್ಟ. ಬಸ್ಸಿನ ಮೇಲೆ ಹೇರಿಸಿಕೊಂಡು ತಂದೆ. ಅದನ್ನು ನೋಡಿದ ಜೋಯಿಸರು ಅದರ ಸುತ್ತ ಪ್ರದಕ್ಷಿಣೆ ಬಂದು, "ಆಹಾ, ಏನು ಗಾತ್ರ! ಇದು ಭೀಮ ರೀ!" ಎಂದರು. ನಾನು ಮುಖವನ್ನು ಗಂಭೀರವಾಗಿ ಇಟ್ಟುಕೊಂಡು ಹೌದು ಸಾರ್ ಎಂದೆ.

ಆಯುಧಪೂಜೆಯ ದಿನ ಪಂಪ್‌ಹೌಸಿನಲ್ಲಿ ನಮ್ಮ ಸ್ಪ್ಯಾನರು, ಇಕ್ಕಳ, ಪಂಪುಗಳಿಗೆಲ್ಲ ವಿಭೂತಿ, ಕುಂಕುಮ, ಚೆಂಡುಹೂವು. ದೋಣಿಗೂ ಪೂಜೆ. ಭಾಗೀರಥಮ್ಮನವರು ಖುದ್ದಾಗಿ ಬಂದಿದ್ದರು, ತೀರ್ಥ ಕೆಡಿಸದ ಮೋಟಾರು ಹೇಗಿದೆ ನೋಡಬೇಕೆಂದು. ಚೌಡಮ್ಮ ದೊಡ್ಡದೊಂದು ಚೆಂಡುಹೂವಿನ ಹಾರ ಕಟ್ಟಿ ತಂದು ಬಾಳೆಲೆಯ ಮೇಲಿಟ್ಟು, "ಅಮ್ಮಾರೆ, ಇದನ್ನ ನಿಮ್ಮ ಕೈಯಾರೆ ಮೋಟಾರಿಗೆ ಹಾಕ್ರಿ, ಒಳ್ಳೇದಾಗ್ತದೆ" ಎಂದಳು. ಭಾಗೀರಥಮ್ಮ ಹಾರದ ಮೇಲೆ ನೀರು ಪ್ರೋಕ್ಷಿಸಿ, "ಹೂವಿಗೆಲ್ಲಿಯ ಮೈಲಿಗೆ ತಾಯೀ" ಎಂದು ಎತ್ತಿ ಭೀಮನ ಕೊರಳಿಗೆ ಹಾಕಿದರು. ನನಗೆ ಚೌಡಮ್ಮನನ್ನು ನೋಡಿ ಅಳು ಬಂದಂತಾಯಿತು. ತನ್ನ ಮನೆ ಕಸಿಯುವ ಮೋಟಾರಿಗೇ ಹಾರ ಕಟ್ಟಿ ತಂದಿದ್ದಾಳಲ್ಲ ಎನಿಸಿತು.

ವಿಜಯದಶಮಿ ಬಂತು. ಭಾಗೀರಥಮ್ಮನವರು ತಾವೂ ದೋಣಿಯಲ್ಲಿ ಕೂತು ಹೊಳೆಯ ನಡುವೆ ತುಂಗೆಗೆ ಅರಿಸಿನ ಕುಂಕುಮ ಅರ್ಪಿಸಬೇಕೆಂದರು. ತಾಯಿಯ ಮಾತು ಮೀರುವ ಧೈರ್ಯ ಜೋಯಿಸರಿಗೆ ಎಲ್ಲಿಂದ ಬರಬೇಕು? "ಹಾರ ತೆಗೆದು ಹೊರಡೋಣವಾ ಸಾರ್?" ಎಂದು ನಾನು ಕೇಳಿದೆ. ಅವರು ಹೌಹಾರಿ, "ಅಮ್ಮ ಹಾಕಿದ್ದು ರೀ! ಇವತ್ತೇ ತೆಗೆಯೋದುಂಟೇ?" ಎಂದು ಪಿಸುಗುಟ್ಟಿದರು. ಹಾಲಪ್ಪ ಗಳ ಹಿಡಿದು ತನ್ನ ಜಾಗದಲ್ಲಿ ಕೂತ. ಎಂದಿನಂತೆ ಹೊಳೆಯ ನೀರು ಮುಟ್ಟಿ ಕಣ್ಣಿಗೊತ್ತಿಕೊಂಡ. ಅದು ಕೊನೆಯ ಸಲ ಎಂದು ಅವನು ತಿಳಿದುಕೊಂಡಿದ್ದ, ಅವನ ಮುಖ ನೋಡಲು ನನಗೆ ಆಗಲಿಲ್ಲ.

ಸ್ವಿಚ್ಚು ಒತ್ತಿದೆ. ಭೀಮ ಸದ್ದಿಲ್ಲದೆ ತಿರುಗಿದ. ದೋಣಿ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ನಾನು ಲೆಕ್ಕ ಹಾಕಿದ್ದೆಲ್ಲ ತಲೆಕೆಳಗಾಗಿತ್ತು! ಮಳೆ ಬೇಗ ನಿಂತಿದ್ದರಿಂದ ಸೆಳವು ಕಡಿಮೆಯಿತ್ತು. ಆರ್ಮುಗಂ ಎರಕ ಹೊಯ್ದ ಚಕ್ರ ಬೇಡವೆಂದರೂ ಚೆನ್ನಾಗಿ ತಳ್ಳುತ್ತಿತ್ತು. ಜಾಕ್‌ವೆಲ್‌ವರೆಗೂ ಹೋಯಿತು, ಸುತ್ತು ಹಾಕಿತು, ಹಿಂದಕ್ಕೆ ಎಂದರೆ ಹಿಂದಕ್ಕೂ ಬಂತು. ಜೋಯಿಸರು ಆನಂದದಿಂದ, "ನೋಡಮ್ಮಾ, ಹಾಲಪ್ಪ ಸುಮ್ಮನೆ ಕೂತಿದ್ದಾನೆ! ಅವನಿಗೆ ಕೆಲಸವೇ ಇಲ್ಲ!" ಎಂದರು. ಹಾಲಪ್ಪ ಗಳವನ್ನು ಮಡಿಲಲ್ಲಿಟ್ಟುಕೊಂಡು ನೀರು ನೋಡುತ್ತಿದ್ದ. ನನ್ನ ಕಿಡಿಗೇಡಿ ಬುದ್ಧಿಗೆ ನಾನೇ ಛೀ ಎಂದುಕೊಂಡೆ.

ಆಗ ಮೋಟಾರಿನ ಅದುರಾಟಕ್ಕೆ ಹಾರ ಜಾರಿತು. ಓರೆ ಸರಳಿನ ಮೇಲೆ ಹಾವಿನಂತೆ ಇಳಿದು ನೀರಿಗೆ ಹೋಯಿತು. ಹೂವಿನ ಹಾರ ತಾನೆ, ಚಕ್ರಕ್ಕೆ ಸಿಕ್ಕರೆ ಚಿಂದಿಯಾಗುತ್ತದೆ ಎಂದು ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಚಕ್ರ ಒಮ್ಮೆ ನರಳಿತು, ಗಕ್ಕನೆ ನಿಂತಿತು. ಹೊಳೆಯ ಮೇಲೆಲ್ಲ ಹಳದಿ ಎಸಳುಗಳು ಹರಡಿದವು. ದೋಣಿ ಮೆಲ್ಲಗೆ ಅಡ್ಡವಾಗಿ, ಸ್ವಲ್ಪ ಕೆಳಗಿದ್ದ ಸೇತುವೆಯ ಕಂಬಗಳ ಕಡೆ ಜಾರತೊಡಗಿತು. ಅಲ್ಲಿ ಸೆಳವು ಇತ್ತು.

"ಶ್ರೀಕಂಠಾ!" ಎಂದರು ಭಾಗೀರಥಮ್ಮ. ಜೋಯಿಸರ ಬಾಯಿಂದ ಶ್ಲೋಕವೂ ಬರಲಿಲ್ಲ, ಇಂಗ್ಲಿಷೂ ಬರಲಿಲ್ಲ.

ಹಾಲಪ್ಪ ಎದ್ದ. ಗಳವನ್ನು ಎತ್ತುವುದಕ್ಕೆ ಹೋಗಲಿಲ್ಲ. ಅದನ್ನು ಎಡಗಂಕುಳಲ್ಲಿ ಸಿಕ್ಕಿಸಿ, ಹೊಳೆಯ ತಳದ ಬಂಡೆಗೆ ಊರಿ, ಇಡೀ ಮೈಯನ್ನು ಅದರ ಮೇಲೆ ಹೇರಿದ. ಬಲಗೈ ಸೊಂಟದ ಹತ್ತಿರ ಗಳವನ್ನು ಬರೀ ಮುಟ್ಟಿಕೊಂಡಿತ್ತು. ದೋಣಿ ನಿಂತಿತು. "ಮಾರಾಯ, ನಾನು ಹಿಡ್ಕಂಡಿರ್ತೀನಿ, ನೀನು ಅದನ್ನ ಬಿಡಿಸು ಬೇಗ" ಎಂದ ಹಲ್ಲು ಕಚ್ಚಿಕೊಂಡು. ನಾನು ಸ್ವಿಚ್ಚು ತೆಗೆದು, ಸರಳನ್ನು ಎತ್ತಿ, ಇಕ್ಕಳದಿಂದ ಹಾರವನ್ನು ಕತ್ತರಿಸಿದೆ. ಹಾರವೆಂಬುದು ಆ ಪರಿ ಗಟ್ಟಿ! ಕೊನೆಗೂ ಚಕ್ರ ಬಿಟ್ಟುಕೊಂಡಿತು. ಆದರೆ ಆ ಸೆಳವಿನಲ್ಲಿ ಭೀಮ ಒಬ್ಬನಿಗೇ ದೋಣಿ ಮೇಲೇರಿಸಲು ಆಗಲಿಲ್ಲ. ಹಾಲಪ್ಪನ ಭುಜ ಒಂದಕ್ಕೇ ಆಗುವ ಮಾತೂ ಅಲ್ಲ. ಭೀಮ ತಳ್ಳಿದ, ಹಾಲಪ್ಪ ಊರಿ ಹಿಡಿದ; ಮತ್ತೆ ಭೀಮ ತಳ್ಳಿದ, ಮತ್ತೆ ಹಾಲಪ್ಪ ಹಿಡಿದ. ಹಾಗೆ ಇಬ್ಬರೂ ಸೇರಿ ನಮ್ಮನ್ನು ದಡಕ್ಕೆ ತಂದರು.

ಭಾಗೀರಥಮ್ಮ ದಡದಲ್ಲಿ ಇಳಿದು ಸೆರಗು ಸರಿಪಡಿಸಿಕೊಂಡು ಹೇಳಿದರು: "ಶ್ರೀಕಂಠಾ, ಮೋಟಾರು ಬೇಕಾದ್ರೆ ಇಟ್ಟುಕೋ. ಆದರೆ ಈ ಮನುಷ್ಯ ಇಲ್ಲದ ದೋಣಿಗೆ ನೀನು ಕಾಲಿಟ್ಟರೆ ನಾನು ಊಟ ಬಿಡ್ತೀನಿ."

ಜೋಯಿಸರು ಬಹಳ ಹೊತ್ತು ಹಾಲಪ್ಪನ ಬಲಭುಜವನ್ನೇ ನೋಡುತ್ತಿದ್ದರು. ಹೊಸ ಪೇಟ ತೆಗೆದು, ಒರೆಸಿ, ಮತ್ತೆ ಇಟ್ಟುಕೊಂಡರು. "ರುದ್ರಪ್ಪ, ಇದೇ ಮೋಟಾರು ಇರಲಿ. ಮೋಟಾರು ದೋಣಿಗೆ ಅಂಬಿಗ ಕಡ್ಡಾಯ ಅಂತ ಇವತ್ತೇ ಬರೆದು ಕಳಿಸ್ತೀನಿ" ಎಂದರು. ಹಾಲಪ್ಪ ಎಡಗೈ ಎತ್ತಿ ಸಲಾಮು ಹೊಡೆದ. ಜೋಯಿಸರು ಕ್ಷಣ ತಡೆದು, ಸುತ್ತ ಯಾರಾದರೂ ನೋಡುತ್ತಿದ್ದಾರೆಯೇ ಎಂದು ಕಣ್ಣಾಡಿಸಿ, ತಾವೂ ಎಡಗೈಯನ್ನೇ ಹಣೆಗೆ ಮುಟ್ಟಿಸಿದರು. ಅವರ ಬಗ್ಗೆ ನಾನು ಆಡಿದ ಕುಚೋದ್ಯಗಳಿಗೆ ಲೆಕ್ಕವಿಲ್ಲ, ಆದರೆ ಆ ಒಂದು ಸಲಾಮಿಗಾಗಿ ಅವರು ನನಗೆ ಇವತ್ತಿಗೂ ದೊಡ್ಡವರು. ಹಾಲಪ್ಪ ನಿವೃತ್ತನಾಗುವವರೆಗೆ ಅವನೂ ಆ ಭೀಮನೂ ಒಟ್ಟಿಗೇ ದುಡಿದರು.

ಎಲ್ಲರೂ ಹೋದ ಮೇಲೆ ನಾನು ಚಕ್ರ ಒರೆಸುತ್ತಾ ಕೂತೆ. ಸರಳಿಗೆ ಇನ್ನೂ ಹಾರದ ತುಂಡೊಂದು ಸುತ್ತಿಕೊಂಡಿತ್ತು. ಎಳೆದೆ, ಬರಲಿಲ್ಲ. ಹೂವುಗಳನ್ನು ಸರಿಸಿ ನೋಡಿದೆ. ಹೂವು ಕಟ್ಟುವ ಬಾಳೆನಾರಲ್ಲ ಅದು. ದೊಡ್ಡ ಮೀನೂ ಹರಿಯಲಾರದಂತೆ ಎಣ್ಣೆ ಹಾಕಿ ಹೊಸೆದ ಬಲೆಯ ದಾರ.

ದಾರದ ತುಂಡನ್ನು ಹಿಡಿದುಕೊಂಡು ಕ್ವಾರ್ಟರ್ಸಿನ ಜಗಲಿಗೆ ಹೋದೆ. ಚೌಡಮ್ಮ ಬಲೆ ಹೆಣೆಯುತ್ತಿದ್ದಳು. ಅವಳ ಮುಂದೆ ಹಿಡಿದು, "ಏನಕ್ಕಾ ಇದು?" ಎಂದೆ.

"ದೇವ್ರ ಕೆಲಸ ಕಣಪ್ಪ, ಗಟ್ಟಿ ಇರ್ಲಿ ಅಂತ" ಎಂದಳು, ನಗದೆ.

"ಅಲ್ಲ ತಾಯೀ, ದೋಣೀಲಿ ಸಾಹೇಬ್ರಿದ್ರು, ಅವರ ವಯಸ್ಸಾದ ತಾಯಿ ಇದ್ರು, ನಾನಿದ್ದೆ. ನನಗೆ ಈಜು ಕೂಡ ಬರಲ್ಲ. ಕಂಬಕ್ಕೆ ಹೊಡೆದಿದ್ರೆ ಏನ್ ಗತಿ? ನಿಂಗೆ ಭಯ ಆಗ್ಲಿಲ್ವಾ?"

ಚೌಡಮ್ಮ ಮೊದಲ ಸಲ ಬಲೆ ಕೆಳಗಿಟ್ಟು ನನ್ನನ್ನು ನೋಡಿದಳು. ಇಂಥ ಪೆದ್ದನನ್ನು ಇಲಾಖೆ ಹೇಗೆ ಸೇರಿಸಿಕೊಂಡಿತು ಎಂಬಂಥ ನೋಟ ಅದು.

"ಯಾಕ್ ಭಯ?" ಎಂದಳು. "ದೋಣೀಲಿ ನನ್ ಗಂಡ ಕೂತಿದ್ನಲ್ಲ."